ಚೌಕಟ್ಟಿನ ಅಂಚಿನ ಮೊಣಕೈ

ಎರಡು ಕ್ಯಾಮೆರಾಗಳನ್ನು ಎಡಬಲಕ್ಕಿಟ್ಟು, ನಡುವೆ ಗೆರೆ ಎಳೆದು, ಸಾಲುಸಾಲಿಗೂ ಅಂಕಿ ತುಂಬಿದ ಪಟ್ಟಿಯನ್ನು ಯಾರಾದರೂ ನನ್ನ ಮುಂದೆ ಹಿಡಿದರೆ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಮೊನ್ನೆ ಸೋದರಳಿಯ ಅಂಥದೊಂದು ಪಟ್ಟಿ ಕಳಿಸಿ, "ಮಾವ, ಎರಡೂ ಹಳೆಯವೇ, ಎರಡೂ ಸುಸ್ಥಿತಿಯಲ್ಲಿವೆ; ಯಾವುದನ್ನು ಕೊಳ್ಳಲಿ, ಒಂದೇ ಮಾತಿನಲ್ಲಿ ಹೇಳಿಬಿಡಿ" ಎಂದು ಕೇಳಿದ. ಎಡಗಡೆ, ಲೆನ್ಸಿನ ಹಿಂದೆ ಕನ್ನಡಿಯಿದ್ದು ಕಿಂಡಿಗೆ ಕಣ್ಣಿಟ್ಟು ನೋಡುವ, ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್. ಬಲಗಡೆ, ನೋಡಲು ಬರಿಯ ಲೆನ್ಸಿನಂತಿದ್ದು ಫೋನಿನ ಬೆನ್ನಿಗೆ ಕಚ್ಚಿಕೊಳ್ಳುವ ಪುಟ್ಟ ಕ್ಯಾಮೆರಾ. ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಾದ ವಿಷಯಕ್ಕೆ ಮಾವನವರೆಗೆ ಬರಬೇಕಾಗಿಲ್ಲ ಎನ್ನುವುದು ಈ ಹುಡುಗರಿಗೆ ಯಾವಾಗ ತಿಳಿಯುತ್ತದೆಯೋ.

ಪಟ್ಟಿಯಲ್ಲಿ ಸುಳ್ಳೇನೂ ಇರಲಿಲ್ಲ. ಎಡಗಡೆಯ 2012ರ ನಿಕಾನ್ ಡಿ3200ರಲ್ಲಿ 24 ಮೆಗಾಪಿಕ್ಸೆಲ್, ಬಲಗಡೆಯ 2013ರ ಸೋನಿ ಕ್ಯೂಎಕ್ಸ್10ರಲ್ಲಿ 18. ಮೊದಲನೆಯದರ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿ ಹಿಡಿಯುವ ಫಲಕ, ಸುಮಾರು 23 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರ. ಎರಡನೆಯದರದು ಅಗಲದಲ್ಲಿ ಆರಕ್ಕಿಂತ ತುಸು ಹೆಚ್ಚು, ಎತ್ತರದಲ್ಲಿ ನಾಲ್ಕೂವರೆ. ಬೆಳಕು ಬೀಳುವ ಜಾಗದಲ್ಲಿ ಹತ್ತು ಪಟ್ಟನ್ನೂ ಮೀರಿದ ಅಂತರವಿರುವಾಗ ಮಂದ ಬೆಳಕಿನಲ್ಲಿ ಗೆಲ್ಲುವುದು ಯಾವುದೆಂದು ಕೇಳಬೇಕಾಗಿಯೇ ಇಲ್ಲ. ತೂಕದ ಸಾಲಿನಲ್ಲಿ ಮಾತ್ರ ಮೇಲುಕೆಳಗು: ಲೆನ್ಸ್ ಹಾಕುವ ಮೊದಲೇ ಡಿ3200 ಬ್ಯಾಟರಿ, ಕಾರ್ಡು ಸೇರಿ 505 ಗ್ರಾಂ, ಕ್ಯೂಎಕ್ಸ್10 ಹತ್ತು ಪಟ್ಟಿನ ಜೂಮನ್ನು ಹೊಟ್ಟೆಯಲ್ಲಿಟ್ಟುಕೊಂಡೂ ನೂರು ಗ್ರಾಂನ ಆಸುಪಾಸು. ಅದರ ಅಣ್ಣನಾದ ಕ್ಯೂಎಕ್ಸ್100 ಕೂಡ ಪಟ್ಟಿಯ ಕೆಳಗೆ ಇಣುಕಿತ್ತು, "ಒಂದು ಇಂಚಿನ ಸೆನ್ಸರ್" ಎಂಬ ಬಿರುದಿನೊಂದಿಗೆ. ಆ ಸೆನ್ಸರನ್ನು ಉದ್ದ, ಅಗಲ, ಕರ್ಣ ಹೇಗೆ ಅಳೆದರೂ ಒಂದು ಇಂಚು ಬರುವುದಿಲ್ಲ, 13.2 ಮಿಲಿಮೀಟರಿಗೆ 8.8 ಅಷ್ಟೆ. ಹಿಂದಿನ ಕಾಲದ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರವ್ಯಾಸದ ಲೆಕ್ಕವನ್ನು, ಕೊಳವೆಯೇ ಮಾಯವಾದ ಮೇಲೂ ಇವರು ಬಿಟ್ಟಿಲ್ಲ. ಇಲ್ಲದ ಕೊಳವೆಯ ಹೆಸರಿನಲ್ಲಿ ಅಳತೆ ಹೇಳುವ ಈ ಪದ್ಧತಿಯನ್ನು ಯಾವ ಗ್ರಾಹಕನೂ ಪ್ರಶ್ನಿಸದಿರುವುದು ನನಗೆ ಇಂದಿಗೂ ಸೋಜಿಗ.

ಇರಲಿ. ನನ್ನ ಕಣ್ಣು ನಿಂತದ್ದು ಡಿಎಸ್‌ಎಲ್‌ಆರಿನ ಕಡೆಯ ಒಂದು ಪುಟ್ಟ ಸಾಲಿನಲ್ಲಿ: "ವ್ಯೂಫೈಂಡರ್ ವ್ಯಾಪ್ತಿ 95%". ವ್ಯೂಫೈಂಡರ್ ಎಂದರೆ ಕಣ್ಣಿಟ್ಟು ನೋಡುವ ಆ ಕಿಂಡಿ. ಈ ಸಾಲಿನ ಮುಂದೆ ಸೋದರಳಿಯ ಹಸಿರು ಬಣ್ಣದಲ್ಲಿ ಸರಿ ಗುರುತು ಹಾಕಿದ್ದ. ಪರೀಕ್ಷೆಯಲ್ಲಿ ನೂರಕ್ಕೆ 95 ಬಂದರೆ ಅವನ ತಾಯಿ ಊರಿಗೆಲ್ಲ ಹೇಳಿಕೊಂಡು ಬರುವವಳಾದ್ದರಿಂದ ಅವನಿಗೆ ಹಾಗೆ ತೋರಿದ್ದು ಸಹಜ. ಆದರೆ ಈ 95 ಉದ್ದಕ್ಕೂ 95, ಅಡ್ಡಕ್ಕೂ 95. ಎರಡನ್ನೂ ಗುಣಿಸಿದರೆ ನೂರಕ್ಕೆ 90 ಮಾತ್ರ ಉಳಿಯುತ್ತದೆ. ಅಂದರೆ ಆ ಕಿಂಡಿಗೆ ಕಣ್ಣಿಟ್ಟು ನೀವು ನೋಡುವುದು ಚಿತ್ರದ ಹತ್ತರಲ್ಲಿ ಒಂಬತ್ತು ಪಾಲನ್ನು. ಸುತ್ತಲಿನ ಅಂಚಿನಲ್ಲಿ ಹರಡಿಕೊಂಡ ಮಿಕ್ಕ ಒಂದು ಪಾಲು ನಿಮಗೆ ಕಾಣದೆಯೇ ಚಿತ್ರದೊಳಕ್ಕೆ ನುಸುಳುತ್ತದೆ. ನಿಕಾನ್ ಇರಲಿ, ಕ್ಯಾನನ್ 1100ಡಿ ಇರಲಿ, ಆ ದರ್ಜೆಯಲ್ಲಿ ಇದೇ ಲೆಕ್ಕ. ಆ ಹತ್ತನೆಯ ಪಾಲಿನಲ್ಲಿ ಏನೇನು ವಾಸವಾಗಿರಬಹುದು ಎಂಬುದಕ್ಕೆ ನಮ್ಮ ಮನೆತನದಲ್ಲಿ ಒಂದು ಸಾಕ್ಷಿಯಿದೆ.

ಕೆಲವು ವರ್ಷಗಳ ಹಿಂದೆ ಬಂಧುಗಳೆಲ್ಲ ಒಂದೆಡೆ ಸೇರಿದ್ದಾಗ ಭಾವನವರು ಹೊಸದಾಗಿ ಕೊಂಡ ಡಿಎಸ್‌ಎಲ್‌ಆರಿನಲ್ಲಿ ಒಂದು ಗುಂಪು ಚಿತ್ರ ತೆಗೆದರು. ಅದು ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಭಾವನವರು ಅಳತೆಯ ಮನುಷ್ಯ. ಕುರ್ಚಿಯ ಮೇಲೆ ಹಿರಿಯರು, ಹಿಂದೆ ನಿಂತವರು, ನೆಲದ ಮೇಲೆ ಮಕ್ಕಳು ಎಂದು ಮೂರು ಸಾಲು ಮಾಡಿ, ಒಬ್ಬೊಬ್ಬರನ್ನೂ ಅಂಗುಲ ಅಂಗುಲ ಸರಿಸಿ, ಎಡ ಅಂಚು ಸೋದರತ್ತೆಯ ಕುರ್ಚಿಯ ಕೈಗೂ ಬಲ ಅಂಚು ಎತ್ತರದ ದಾಯಾದಿಯೊಬ್ಬನ ಭುಜಕ್ಕೂ ಕರಾರುವಾಕ್ಕಾಗಿ ತಾಗುವಂತೆ ನೋಡಿಕೊಂಡು ಗುಂಡಿ ಒತ್ತಿದರು. ಚಿತ್ರ ದೊಡ್ಡದಾಗಿ ಮುದ್ರಣಗೊಂಡು ಬಂದಾಗ ಬಲ ಅಂಚಿನಲ್ಲಿ ಒಂದು ಮೊಣಕೈ ಇತ್ತು.

ಮೊಣಕೈ ಮಾತ್ರ. ಕೈಯಿಲ್ಲ, ತೋಳಿಲ್ಲ, ಮಡಚಿದ, ಸ್ವಲ್ಪ ಒರಟು ಚರ್ಮದ, ಚೆನ್ನಾಗಿ ಫೋಕಸ್ ಆದ ಒಂದು ಮೊಣಕೈ, ಅದರ ಮೇಲೆ ತಿಳಿ ಬಣ್ಣದ ಅರ್ಧತೋಳಿನ ಬಟ್ಟೆಯ ಒಂದು ಎಳೆ. ಅಂದಿನಿಂದ ಮೊದಲ್ಗೊಂಡು ಅದು ಯಾರದೆಂಬ ವಿಚಾರಣೆ ನಡೆಯುತ್ತಲೇ ಇದೆ. ಚಿತ್ರದಲ್ಲಿರುವವರ ಮೊಣಕೈಗಳನ್ನೆಲ್ಲ ಲೆಕ್ಕ ಹಾಕಿ, ಯಾರದೂ ಅಲ್ಲವೆಂದು ತೀರ್ಮಾನಿಸಿಯಾಯಿತು. ನೆಲದಿಂದ ಅದು ಇರುವ ಎತ್ತರವನ್ನು ನೋಡಿದರೆ ಆಸಾಮಿ ನಿಂತಿರಲಿಲ್ಲ, ಕುಳಿತೂ ಇರಲಿಲ್ಲ, ಯಾವುದಕ್ಕೋ ಒರಗಿಕೊಂಡಿದ್ದನೆಂದು ಚಿಕ್ಕಪ್ಪ ಅಳತೆಪಟ್ಟಿ ಹಿಡಿದು ಸಾಧಿಸಿದರು. ಫೋಟೋಗೆ ನಿಲ್ಲಲು ಬೇಸರವೆಂದು, ಒಳಗೆ ಮಲಗಿದ್ದೆನೆಂದು ಹೇಳಿ ತಪ್ಪಿಸಿಕೊಂಡಿದ್ದ ತನ್ನ ಗಂಡನದೇ ಅದು ಎಂಬುದು ಸೋದರತ್ತೆಯ ಗಟ್ಟಿ ನಂಬಿಕೆ. ಆ ಬಡಪಾಯಿ ಎಲ್ಲರೆದುರು ಅಂಗಿಯ ತೋಳು ಮಡಚಿ ಮೊಣಕೈಯನ್ನು ಚಿತ್ರದ ಪಕ್ಕಕ್ಕೆ ಹಿಡಿದು ತೋರಿಸಬೇಕಾಯಿತು. ಹೋಲಿಕೆ ಇದೆಯೆಂದು ಅರ್ಧ ಜನ, ಇಲ್ಲವೆಂದು ಅರ್ಧ ಜನ. ಸಂಶಯದ ಲಾಭ ಕೊಟ್ಟು ಬಿಟ್ಟೆವಾದರೂ ಮನೆಯಲ್ಲಿ ಅವರ ಮಾತಿಗೆ ಮೊದಲಿದ್ದ ಬೆಲೆ ಆಮೇಲೆ ಬರಲಿಲ್ಲ.

ಅಂಚನ್ನು ಒಂದಿಷ್ಟು ಕತ್ತರಿಸಿಬಿಟ್ಟರೆ ಮುಗಿಯಿತಲ್ಲ ಎಂದು ನಾನು ಸಲಹೆ ಕೊಟ್ಟೆ. ಭಾವನವರು ಒಪ್ಪಲಿಲ್ಲ. ಕತ್ತರಿಸಿದರೆ ಮೊಣಕೈ ಇತ್ತೆಂದು ಒಪ್ಪಿಕೊಂಡಂತಾಗುತ್ತದೆ. "ನಾನು ನೋಡುವಾಗ ಅದು ಇರಲೇ ಇಲ್ಲ" ಎಂಬುದು ಅವರ ವಾದ. ವಿಚಿತ್ರವೆಂದರೆ ಅವರು ಹೇಳುತ್ತಿದ್ದದ್ದು ನಿಜ. ಲೆನ್ಸಿನಿಂದ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲೇರಿ, ಮಂಜುಗಾಜಿನ ಮೇಲೆ ಚಿತ್ರವಾಗಿ, ಅಲ್ಲಿಂದ ಇನ್ನಷ್ಟು ಕನ್ನಡಿಗಳಲ್ಲಿ ತಿರುಗಿ ಕಣ್ಣಿಗೆ ಮುಟ್ಟುತ್ತದೆ. ದುಬಾರಿ ಕ್ಯಾಮೆರಾಗಳಲ್ಲಿ ಈ ಕೊನೆಯ ಕೆಲಸಕ್ಕೆ ಇಡಿಯ ಗಾಜಿನ ಪೆಂಟಾಪ್ರಿಸಂ ಇರುತ್ತದೆ. ಆರಂಭಿಕ ದರ್ಜೆಯವುಗಳಲ್ಲಿ ತೂಕ ಮತ್ತು ಖರ್ಚು ಉಳಿಸಲು ಕನ್ನಡಿಗಳನ್ನೇ ಜೋಡಿಸಿ ಪೆಂಟಾಮಿರರ್ ಮಾಡಿರುತ್ತಾರೆ. ಅದು ತುಸು ಮಂಕು, ತುಸು ಕಿರಿದು. ಇದನ್ನೆಲ್ಲ ನಾನು ಅಂದು ವಿವರಿಸಿ ಭಾವನವರ ಮಾನ ಉಳಿಸಲು ಹೊರಟೆ. ಸೋದರತ್ತೆ ನನ್ನನ್ನು ತಡೆದು, "ಕನ್ನಡಿಯದೆಲ್ಲ ಆಮೇಲಾಯಿತು, ಮೊಣಕೈ ಯಾರದು ಹೇಳು" ಎಂದರು.

ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ನೋಡಿ ತೆಗೆದಿದ್ದರೆ ಪೂರ್ತಿ ಚೌಕಟ್ಟು ಕಾಣುತ್ತಿತ್ತಲ್ಲ ಎಂದು ತಿಳಿದವರು ಕೇಳುತ್ತಾರೆ. ಕಾಣುತ್ತಿತ್ತು. ಆದರೆ ಆ ಕಾಲದ ಅಗ್ಗದ ಡಿಎಸ್‌ಎಲ್‌ಆರ್‌ಗಳು ಆ ಕ್ರಮದಲ್ಲಿ ಫೋಕಸ್ ಹುಡುಕುವ ಪರಿ ನೋಡಿದರೆ, ನೆಲದ ಸಾಲಿನ ಮಕ್ಕಳು ಅಷ್ಟರಲ್ಲಿ ಎದ್ದು ಹೋಗಿರುತ್ತಿದ್ದರು.

ಈಗ ಬಲಗಡೆಯ ಉರುಟು ಕ್ಯಾಮೆರಾದ ಸಂಗತಿ. ಅದಕ್ಕೆ ಕಿಂಡಿಯೂ ಇಲ್ಲ, ಚಿತ್ರ ತೋರಿಸುವ ಪರದೆಯೂ ಇಲ್ಲ, ಫ್ಲ್ಯಾಶೂ ಇಲ್ಲ. ಸೆನ್ಸರ್, ಬ್ಯಾಟರಿ, ಕಾರ್ಡು, ಪಕ್ಕದಲ್ಲೊಂದು ಶಟರ್ ಗುಂಡಿ, ಜೂಮಿನ ಸನ್ನೆಗೋಲು ಎಲ್ಲವೂ ಆ ಗಿಡ್ಡ ಕೊಳವೆಯೊಳಗೇ. ಕಂಡದ್ದನ್ನು ವೈಫೈ ಮೂಲಕ ಫೋನಿಗೆ ಕಳಿಸುತ್ತದೆ. ಫೋನಿನ ಗೊಡವೆಯೇ ಬೇಡವೆಂದರೆ ಗುಂಡಿ ಒತ್ತಿ ಅಂದಾಜಿನ ಮೇಲೆ ಚಿತ್ರ ತೆಗೆಯಬಹುದು. ಫೋನಿನಲ್ಲಾದರೋ ಚೌಕಟ್ಟು ಪೂರ್ತಿ ಕಾಣುತ್ತದೆ. ಯಾವ ಮೊಣಕೈಯೂ ಅಡಗಿ ಕೂರಲಾರದು. ತೊಂದರೆ ಇಷ್ಟೇ: ಗಾಳಿಯಲ್ಲಿ ಬರುವ ಚಿತ್ರ ತುಸು ತಡವಾಗಿ ಬರುತ್ತದೆ, ಒತ್ತಿದ ಅಪ್ಪಣೆ ತುಸು ತಡವಾಗಿ ಹೋಗುತ್ತದೆ. ಕ್ಯೂಎಕ್ಸ್ ಜೋಡಿ ಬಿಡುಗಡೆಯಾದ ಹೊಸದರಲ್ಲಿ ವಿಮರ್ಶಕರು ಹೆಚ್ಚಾಗಿ ಆಡಿಕೊಂಡದ್ದು ಇದನ್ನೇ. ಮಗು ನಕ್ಕದ್ದನ್ನು ಕಂಡು ಒತ್ತಿದರೆ, ನಕ್ಕು ಮುಗಿಸಿ ಮೂಗು ಒರೆಸಿಕೊಳ್ಳುವ ಮಗು ದಾಖಲಾಗುತ್ತದೆ. ಒಂದು ಕ್ಯಾಮೆರಾ ಕಾಣದ್ದನ್ನೂ ಹಿಡಿಯುತ್ತದೆ, ಇನ್ನೊಂದು ಕಂಡದ್ದನ್ನು ಹಿಡಿಯುವುದಿಲ್ಲ. ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲು ಬೇಕಿತ್ತು. ಅಂಕಿಗೆ ಒಗ್ಗದ್ದರಿಂದ ಬಿಟ್ಟಿದ್ದಾರೆ. ಡಿಎಸ್‌ಎಲ್‌ಆರಿನ ಅಭಿಮಾನಿಗಳು ಇಷ್ಟಕ್ಕೇ ಬೀಗಬೇಕಾಗಿಲ್ಲ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆದ್ದು ಕಿಂಡಿ ಕತ್ತಲಾಗುವುದರಿಂದ, ಯಾವ ಕ್ಷಣ ಚಿತ್ರವಾಯಿತೋ ಆ ಕ್ಷಣವನ್ನು ಅವರೂ ನೋಡಿರುವುದಿಲ್ಲ.

ನನ್ನನ್ನು ನಿಜಕ್ಕೂ ಕೆರಳಿಸುವುದು "ಪುಟ್ಟದು, ಆದ್ದರಿಂದ ಚುರುಕು" ಎಂಬ ಪ್ರಚಾರ. ದೊಡ್ಡ ಡಿಎಸ್‌ಎಲ್‌ಆರನ್ನು ಚೀಲದಿಂದ ತೆಗೆದು ಸ್ವಿಚ್ ತಿರುಗಿಸಿದರೆ ಅದು ಸಿದ್ಧ. ಪುಟ್ಟದನ್ನು ಜೇಬಿನಿಂದ ತೆಗೆದು, ಫೋನಿಗೆ ಸಿಕ್ಕಿಸಿ, ಫೋನಿನ ಬೀಗ ತೆರೆದು, ಆಪ್ ತೆರೆದು, ವೈಫೈ ಕೂಡಿಕೊಳ್ಳುವುದನ್ನು ಕಾಯುತ್ತ ನಿಂತರೆ ಎದುರಿಗೆ ಹಲ್ಲು ಕಿರಿದು ನಿಂತವರ ದವಡೆ ನೋಯತೊಡಗುತ್ತದೆ. ಫೋನು, ಲೆನ್ಸು ಎರಡರಲ್ಲಿ ಯಾವುದರ ಬ್ಯಾಟರಿ ಮುಗಿದರೂ ಕೆಲಸ ಕೆಟ್ಟಿತು. 2014ರಲ್ಲಿ ಸೋನಿಯವರು ಲೆನ್ಸ್ ಬದಲಿಸಬಹುದಾದ ಕ್ಯೂಎಕ್ಸ್1 ತಂದರು, 2015ರಲ್ಲಿ ಒಲಿಂಪಸ್‌ನವರು ಏರ್ ಎಂಬುದನ್ನು. ಉದ್ದನೆಯ ಲೆನ್ಸ್ ಏರಿಸಿ ಹಿಂದೆ ಫೋನು ಸಿಕ್ಕಿಸಿಕೊಂಡು ನಿಂತರೆ ಪುಟ್ಟದೆಂಬ ಒಂದೇ ಗುಣವೂ ಹೋಯಿತು. ಅಷ್ಟರಲ್ಲಿ ಫೋನಿನ ಸ್ವಂತ ಕ್ಯಾಮೆರಾಗಳೇ ಬಲಿತು, ಈ ಜಾತಿ ಹೆಚ್ಚು ಬೆಳೆಯಲಿಲ್ಲ.

ಆದರೂ ಅದಕ್ಕೊಂದು ಗುಣವಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಡಿಎಸ್‌ಎಲ್‌ಆರಿನಲ್ಲಿ ತೆಗೆಯುವವನು ತಾನೂ ಚಿತ್ರದಲ್ಲಿರಬೇಕೆಂದರೆ ಸಾಮಾನ್ಯವಾಗಿ ಟೈಮರ್ ಇಟ್ಟು ಹತ್ತು ಸೆಕೆಂಡಿನಲ್ಲಿ ಓಡಿ ಬರಬೇಕು. ಲೆನ್ಸ್ ಕ್ಯಾಮೆರಾವನ್ನು ಫೋನಿನಿಂದ ಬಿಡಿಸಿ ಕಪಾಟಿನ ಮೇಲೋ ಟ್ರೈಪಾಡಿನ ಮೇಲೋ ಕೂರಿಸಿ, ತಾನು ಎಲ್ಲರ ನಡುವೆ ಆರಾಮವಾಗಿ ಕುಳಿತು, ಅಂಗೈಯಲ್ಲಿ ಚೌಕಟ್ಟನ್ನು ನೋಡಿಕೊಂಡೇ ಒತ್ತಬಹುದು. ಸ್ನೇಹಿತರೊಬ್ಬರು ಹೀಗೆ ತೆಗೆದ ಚಿತ್ರಗಳನ್ನು ನನಗೆ ತೋರಿಸಿದ್ದಾರೆ. ಯಾರೂ ತಪ್ಪಿಹೋಗಿಲ್ಲ, ಅಂಚಿನಲ್ಲಿ ಕಸವಿಲ್ಲ, ಬೆಳಕೂ ಚೆನ್ನಾಗಿದೆ. ಎಲ್ಲರೂ ಲೆನ್ಸನ್ನೇ ನೆಟ್ಟು ನೋಡುತ್ತಿದ್ದಾರೆ. ನಡುವೆ ಒಬ್ಬರು ಮಾತ್ರ ಪ್ರತಿಯೊಂದರಲ್ಲೂ ತಲೆ ತಗ್ಗಿಸಿಕೊಂಡು ಫೋನು ನೋಡುತ್ತ ಕುಳಿತಿದ್ದಾರೆ. "ಇಷ್ಟು ಜನರ ನಡುವೆಯೂ ಇವರಿಗೆ ಫೋನೇ ಬೇಕು" ಎಂದು ಅವರ ಹೆಂಡತಿ ಚಿತ್ರ ನೋಡಿದಾಗಲೆಲ್ಲ ಬೈಯುತ್ತಾರಂತೆ.