ಪುಟ್ಟ ಊರಿಗೂ ಅದರದೇ ಮೇಯರ್ ಬೇಕು

ಫ್ರಾನ್ಸ್‌ನಲ್ಲಿ ಸುಮಾರು 35,000 ಕೊಮ್ಯೂನ್‌ಗಳಿವೆ, ಅಂದರೆ ತಮ್ಮದೇ ಸ್ಥಳೀಯ ಆಡಳಿತ ಇರುವ ಊರುಗಳು. ಒಂದೊಂದಕ್ಕೂ ಒಬ್ಬ ಮೇಯರ್, ಒಂದು ಕೌನ್ಸಿಲ್. ಹೆಚ್ಚುಕಮ್ಮಿ ಅರ್ಧದಷ್ಟು ಊರುಗಳಲ್ಲಿ 500 ಜನರೂ ಇಲ್ಲ. "ಇಷ್ಟೊಂದು ಯಾಕೆ, ನಾಲ್ಕೈದು ಊರು ಸೇರಿಸಿಬಿಡಿ, ದುಡ್ಡು ಉಳಿಯುತ್ತೆ" ಅನ್ನುವ ಮಾತು ಆಗಾಗ ಏಳುತ್ತಲೇ ಇರುತ್ತದೆ. ಪೂರ್ವ ಫ್ರಾನ್ಸಿನ ಫ್ರಾಂಶ್-ಕೊಂಟೆ ಪ್ರದೇಶದ ಒಂದು ಪುಟ್ಟ ಹಳ್ಳಿಯಲ್ಲಿ ಬದುಕುತ್ತಿರುವ ನನಗೆ ಈ ಮಾತು ಕೇಳಿದರೆ ಸಂಕಟವಾಗುತ್ತದೆ.

ನಮ್ಮೂರಲ್ಲಿ ಅಂಗಡಿ ಇಲ್ಲ. ಬ್ರೆಡ್ ವ್ಯಾನಿನಲ್ಲಿ ಬರುತ್ತದೆ. ಡಾಕ್ಟರ್ ಬೇಕಂದರೆ ಕಾರು ತೆಗೆಯಬೇಕು. ಉಳಿದಿರುವುದು ಚರ್ಚು, ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು, ಮತ್ತು ಮೇಯರ್ ಕಚೇರಿ. ಅದೂ ವಾರದಲ್ಲಿ ಎರಡು ಅರ್ಧ ದಿನ ಮಾತ್ರ. ಉಳಿದ ದಿನ ಅಲ್ಲಿಯ ಸೆಕ್ರೆಟರಿ ಅಕ್ಕಪಕ್ಕದ ಊರುಗಳ ಕೆಲಸ ನೋಡುತ್ತಾರೆ. ಆದರೂ ಮದುವೆ ಆಗಬೇಕಾದರೆ ಅಲ್ಲಿಗೇ ಹೋಗಬೇಕು. ಊರಲ್ಲೇ ಆದ ಹುಟ್ಟು-ಸಾವಿನ ನೋಂದಣಿ, ಮನೆ ಕಟ್ಟುವ ಅನುಮತಿ, ಸ್ಮಶಾನದ ಜಾಗ, ಎಲ್ಲಕ್ಕೂ ಅದೇ ಬಾಗಿಲು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಫುವಾಜ್, ಅಂದರೆ ಊರಿನ ಕಾಡಿನ ಸೌದೆಯನ್ನು ಮನೆಗಳಿಗೆ ಹಂಚುವ ಪದ್ಧತಿ. ಈ ಕಡೆಯ ಅನೇಕ ಊರುಗಳಿಗೆ ಸ್ವಂತ ಕಾಡಿದೆ. ಕಡಿಯಬೇಕಾದ ಮರಗಳಿಗೆ ಅರಣ್ಯದವರು ಗುರುತು ಹಾಕಿ ಹೋಗುತ್ತಾರೆ. ಸೌದೆ ಬೇಕೆಂದು ಹೆಸರು ಕೊಟ್ಟ ಮನೆಗಳ ಲೆಕ್ಕಕ್ಕೆ ಪಾಲು ಮಾಡಿ ಚೀಟಿ ಎತ್ತುತ್ತಾರೆ. ಒಬ್ಬರಿಗೆ ದಾರಿ ಪಕ್ಕದ ಪಾಲು ಬಂದರೆ ಇನ್ನೊಬ್ಬರಿಗೆ ಇಳಿಜಾರಿನ ಕೆಸರಿನದು. ಸ್ವಲ್ಪ ಗೊಣಗಾಟ ಇದ್ದದ್ದೇ. ಆಮೇಲೆ ನೀವೇ ಕಡಿದು, ಸೀಳಿ, ಸಾಗಿಸಬೇಕು. ಮಾರುವ ಹಾಗಿಲ್ಲ, ಮನೆಯ ಒಲೆಗೆ ಮಾತ್ರ. ಊರಿನ ಮೂವರನ್ನು ಕೌನ್ಸಿಲ್ ಹೊಣೆಗಾರರನ್ನಾಗಿ ನೇಮಿಸುತ್ತದೆ. ಯಾರಿಗೆ ವಯಸ್ಸಾಗಿದೆ, ಯಾರ ಸೊಂಟ ಹಿಡಿದಿದೆ, ಯಾರ ಟ್ರ್ಯಾಕ್ಟರ್ ಕೇಳಬಹುದು ಅಂತ ಎಲ್ಲರಿಗೂ ಗೊತ್ತು. ಮೂವತ್ತು ಕಿಲೋಮೀಟರ್ ಆಚೆಯ ಆಫೀಸಿಗೆ ಇದು ಗೊತ್ತಾಗೋದು ಹೇಗೆ?

ಹತ್ತಿರ ಇರುವುದಕ್ಕೆ ಬೆಲೆಯೂ ತೆರಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ದಕ್ಷಿಣದ ಸಿಞ್ ಎಂಬ ಊರಿನ ಮೇಯರ್ ಜಾನ್-ಮಾತ್ಯೂ ಮಿಶೆಲ್, ರಸ್ತೆ ಬದಿಯಲ್ಲಿ ಕಟ್ಟಡದ ಕಸ ಸುರಿಯುತ್ತಿದ್ದವರನ್ನು ತಾವೇ ತಡೆಯಲು ಹೋಗಿ ವ್ಯಾನಿಗೆ ಸಿಕ್ಕಿ ಸತ್ತರು. 76 ವರ್ಷದ ಮನುಷ್ಯ. ಇಂಥವರನ್ನು ಖರ್ಚಿನ ಲೆಕ್ಕದಲ್ಲಿ ಬರೆಯೋದು ನ್ಯಾಯವಾ?

ಇನ್ನು ಅಧಿಕಾರವಂತೂ ನಿಧಾನವಾಗಿ ಕೈ ಜಾರುತ್ತಿದೆ. 2015ರ ಕಾನೂನು, ಹಲವು ಊರುಗಳು ಸೇರಿ ಕೆಲಸ ಹಂಚಿಕೊಳ್ಳುವ ಒಕ್ಕೂಟಕ್ಕೆ ಸಾಮಾನ್ಯವಾಗಿ ಕನಿಷ್ಠ 15,000 ಜನ ಇರಬೇಕು ಅಂದಿತು. ಕಸದ ವಿಲೇವಾರಿಯಂಥ ಕೆಲಸಗಳು ಅಲ್ಲಿಗೆ ಹೋದವು. ಖಾಯಂ ವಾಸದ ಮನೆಗೆ ಅಲ್ಲಿ ಇರುವವರು ಕೊಡುತ್ತಿದ್ದ ತೆರಿಗೆ 2023ಕ್ಕೆ ಪೂರ್ತಿ ನಿಂತಿತು. ಊರುಗಳಿಗೆ ಬದಲಿ ವ್ಯವಸ್ಥೆ ಮಾಡಿದ್ದಾರೆ, ನಿಜ. ಆದರೆ ಬಾಡಿಗೆಗೆ ಇರುವವರು ಊರಿನ ಖಜಾನೆಗೆ ನೇರವಾಗಿ ಕೊಡುತ್ತಿದ್ದ ತೆರಿಗೆ ಇಲ್ಲವಾಯಿತು. ತೆರಿಗೆ ಕೊಡುವವರು ಪ್ರಶ್ನೆ ಕೇಳುತ್ತಾರೆ, ಅಲ್ವಾ?

2025ರ ಕಾನೂನಿನಿಂದ ಸಾವಿರಕ್ಕಿಂತ ಕಡಿಮೆ ಜನರ ಊರಲ್ಲೂ ಕೌನ್ಸಿಲ್ ಚುನಾವಣೆಯಲ್ಲಿ ಗಂಡಸು-ಹೆಂಗಸು ಸರದಿಯಂತೆ ಇರುವ ಅಭ್ಯರ್ಥಿಗಳ ಇಡೀ ಪಟ್ಟಿಗೇ ಮತ ಹಾಕಬೇಕು. ಹೆಂಗಸರು ಜಾಸ್ತಿ ಬರುವುದು ಒಳ್ಳೆಯದೇ. ಆದರೆ ಮೊದಲು ಜನ ಬೇಡದ ಹೆಸರನ್ನು ಪೆನ್ನಿನಿಂದ ಹೊಡೆದುಹಾಕುತ್ತಿದ್ದರು. ಆ ಹಕ್ಕು ಹೋಯಿತು.

ಒಂದಾಗಬೇಕು ಅಂತ ಊರುಗಳಿಗೇ ಅನಿಸಿದರೆ ಆಗಲಿ. ಆದರೆ ಈಗ ಎಲ್ಲ ಕೌನ್ಸಿಲ್‌ಗಳೂ ಒಪ್ಪಿದರೆ ಜನರ ಮತ ಕೇಳದೆಯೂ ಸೇರಿಸಬಹುದು. ಇದು ಬದಲಾಗಬೇಕು. ಭಾರತದ ಪಾಸ್‌ಪೋರ್ಟ್ ಇರುವ ನನಗೆ ಇಲ್ಲಿ ಮತ ಇಲ್ಲ, ಕೌನ್ಸಿಲ್ ಸಭೆಗೆ ಹೋಗಿ ಕೂತು ಕೇಳಬಹುದು ಅಷ್ಟೇ. ನನ್ನ ಅಕ್ಕಪಕ್ಕದವರಿಗೆ ಮತ ಇದೆ. ಅವರನ್ನಾದರೂ ಕೇಳಿ.