ಮುಳುಗೋ ಮೆಣಸು, ತೇಲೋ ಕಾಫಿ

ಟ್ರೇಸಿಂಗ್ ಅನ್ನೋ ಪದ ಕೊಡಗಿನವರಿಗೆ ಹೊಸದೇನಲ್ಲ. ಅರೇಬಿಕಾ ಕಾಫಿ ಇಟ್ಟುಕೊಂಡವರೆಲ್ಲ ವರ್ಷಕ್ಕೆ ಎರಡು ಸಲ ಬೋರರ್ ಟ್ರೇಸಿಂಗ್, ಅಂದರೆ ಹುಳ ಹಿಡಿದ ಗಿಡದ ಪತ್ತೆ, ಮಾಡಿಸುತ್ತಾರೆ. ಬಿಳಿ ಕಾಂಡಕೊರಕ ಹುಳ ಗಿಡದೊಳಗೆ ಸುರಂಗ ಕೊರೆದುಕೊಂಡು ಕೂತಿರುತ್ತೆ. ಹೊರಗಿನಿಂದ ಕಾಣೋದು ತೊಗಟೆ ಮೇಲೆ ಎದ್ದ ಸಣ್ಣದೊಂದು ಏಣು ಮಾತ್ರ. ನಮ್ಮ ತೋಟದಲ್ಲಿ ಅದನ್ನು ಪತ್ತೆ ಹಚ್ಚೋದು ಕಾರ್ಮಿಕರ ಲೈನ್‌ಮನೆಯ ಅಜ್ಜಿ. ಅವರ ಒಂದು ಕಣ್ಣಿಗೆ ಪೊರೆ ಬಂದಿದೆ. ಆದರೆ ಕಣ್ಣಿನ ಕೆಲಸ ಅವರದ್ದಲ್ಲ. ಕಾಂಡದ ಮೇಲೆ ಹೆಬ್ಬೆರಳು ಆಡಿಸುತ್ತಾ ಹೋಗುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತೆ. "ಉಂಟು" ಅನ್ನುತ್ತಾರೆ. ಅಷ್ಟೇ, ಗಿಡ ಕಿತ್ತು ಸುಡುತ್ತೇವೆ. ಈ ಪತ್ತೆದಾರಿಕೆಗೆ ಬೇರೆ ಭತ್ಯೆ ಅಂತ ಇಲ್ಲ. ಹಾಜರಿ ಪುಸ್ತಕದಲ್ಲಿ 'ಇತರೆ ಕೆಲಸ'.

ಈಗ ಬಂದಿರೋ ಟ್ರೇಸಿಂಗ್ ಬೇರೆ. ಇದರಲ್ಲಿ ಹುಳ ಅಂದರೆ ಬೆಳೆಗಾರ.

ಯುರೋಪಿಯನ್ ಯೂನಿಯನ್ 2023ರಲ್ಲಿ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅವರ ಮಾರುಕಟ್ಟೆಗೆ ಬರಕೂಡದು. ಆಸೆ ಒಳ್ಳೆಯದೇ, ಬೇಡ ಅನ್ನೋಕಾಗಲ್ಲ. ಜಾರಿ ದಿನಾಂಕ ಒಂದು ಸಲ ಮುಂದೆ ಹೋಯಿತು, ಮತ್ತೊಂದು ಸಲವೂ ಮುಂದೆ ಹೋಯಿತು. ನಮ್ಮೂರ ರಸ್ತೆ ಕಾಮಗಾರಿ ನೋಡಿ ಬೆಳೆದವನಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಆಶ್ಚರ್ಯ ಆಗಿದ್ದು ಅಂಕಿಗಳಲ್ಲಿ. ತೋಟ ಎಲ್ಲಿದೆ ಅಂತ ಅಕ್ಷಾಂಶ, ರೇಖಾಂಶ ಕೊಡಬೇಕು. ಚುಕ್ಕಿ ಆದ ಮೇಲೆ ಆರು ಅಂಕಿ. 4 ಹೆಕ್ಟೇರ್ ದಾಟಿದ ತೋಟಕ್ಕೆ ಒಂದು ಬಿಂದು ಸಾಲದು, ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ಆ ಆರನೇ ಅಂಕಿ ನೆಲದ ಮೇಲೆ ಎಷ್ಟು ಅಂತ ಲೆಕ್ಕ ಹಾಕಿದೆ. ಸುಮಾರು 11 ಸೆಂಟಿಮೀಟರ್. ಅರ್ಧ ಗೇಣು! ನನಗೂ ಪಕ್ಕದ ತೋಟದವರಿಗೂ ಎರಡು ಮಾರು ಜಾಗದ ತಕರಾರು ಅಪ್ಪನ ಕಾಲದಿಂದ ನಡೀತಾ ಇದೆ. ಇಬ್ಬರ ಹತ್ತಿರವೂ ಚುಕ್ಕಿಯ ಈಚೆಗೇ ಅಂಕಿ ಸರಿ ಇಲ್ಲ.

ತೋಟ ಗುರುತಿಸೋಕೆ ಫೋನಿನಲ್ಲಿ ಆ್ಯಪ್ ಹಾಕಿಸಿದರು. ಆ್ಯಪ್ ತೆರೆಯಲು ಸಿಗ್ನಲ್ ಬೇಕು. ನಮ್ಮ ಕಡೆ ಸಿಗ್ನಲ್ ಸಿಗೋದು ದಿಣ್ಣೆ ಮೇಲಿನ ಹಲಸಿನ ಮರದ ಬುಡದಲ್ಲಿ ಮಾತ್ರ. ಎಲ್ಲರೂ ಅಲ್ಲೇ ಸಾಲಾಗಿ ನಿಂತು ಬಟನ್ ಒತ್ತಿದೆವು. ಹಾಗಾಗಿ ಯುರೋಪಿನ ಲೆಕ್ಕದಲ್ಲಿ ನಮ್ಮೂರಿನ ಐದು ತೋಟಗಳು ಈಗ ಒಂದೇ ಹಲಸಿನ ಮರದ ಕೆಳಗಿವೆ, ಆರು ಅಂಕಿಯಷ್ಟು ನಿಖರವಾಗಿ. ಆನೆ ಬಂದು ಆ ಮರ ಬೀಳಿಸಿದರೆ ಐವರೂ ಕಾಡು ಕಡಿದವರಾಗುತ್ತೇವೆ.

ಆಮೇಲೆ ಪಹಣಿ. ಜಮ್ಮಾ ಜಾಗ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು ಇರೋರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪಹಣಿಯಲ್ಲಿ ಪಟ್ಟೇದಾರ ಅಂತ ಇರೋದು ಮುತ್ತಜ್ಜ. ಅವರು ಹೋಗಿ ಎಪ್ಪತ್ತು ವರ್ಷ ಆಯಿತು. ಪಹಣಿಯಲ್ಲಿ ಇನ್ನೂ ಗಟ್ಟಿಯಾಗಿದ್ದಾರೆ. ಆ್ಯಪ್ ಜಾಗದ ಮಾಲೀಕರ ಮೊಬೈಲ್ ನಂಬರ್ ಕೇಳಿತು, ಓಟಿಪಿ ಕಳಿಸೋಕೆ. ಗತಿಸಿದ ಹಿರಿಯರಿಗೆ, ಅಂದರೆ ಕಾರಣಂಗೆ, ಮೀದಿ (ಎಡೆ) ಇಡುವ ದಿನ ಫೋನನ್ನೂ ಪಕ್ಕದಲ್ಲಿ ಇಟ್ಟು ನೋಡೋಣ ಅಂತ ಮಗ ಸಲಹೆ ಕೊಟ್ಟ.

ನಾನು ಸ್ವಲ್ಪ ಓದಿಕೊಂಡವನು. ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ 1984ರಲ್ಲಿ ಡಿಎನ್‌ಎ ಬೆರಳಚ್ಚು ಕಂಡುಹಿಡಿದರು. ಅದರ ಮೊದಲ ಉಪಯೋಗ ಆಗಿದ್ದು ಕೊಲೆ ಕೇಸಿಗೆ ಅಲ್ಲ, ಒಂದು ವಲಸೆ ಕೇಸಿಗೆ. ಘಾನಾದಿಂದ ವಾಪಸ್ ಬಂದ ಹುಡುಗ ಈ ತಾಯಿಯ ಮಗನೇ ಹೌದಾ ಅಂತ ಅಧಿಕಾರಿಗಳಿಗೆ ಅನುಮಾನ. 1985ರಲ್ಲಿ ಪರೀಕ್ಷೆ ಹೌದು ಅಂದಿತು, ಹುಡುಗ ಮನೆ ಸೇರಿದ. ಇದನ್ನೆಲ್ಲ ಕಚೇರಿಯಲ್ಲಿ ವಿವರಿಸಿ, ನನ್ನ ಎಂಜಲು ತಗೊಂಡು ಮುತ್ತಜ್ಜನ ವಂಶದವನು ಅಂತ ಬರೆದುಕೊಡ್ತೀರಾ ಅಂತ ಕೇಳಿದೆ. ಗುಮಾಸ್ತರು ತಾಳ್ಮೆಯಿಂದ ಕೇಳಿಸಿಕೊಂಡರು. "ಎಂಜಲು ಸರಿ ಸಾರ್, ಆದ್ರೆ ಅದರ ಮೇಲೆ ನೋಟರಿ ಸೀಲು ಎಲ್ಲಿ ಹಾಕೋದು?"

ಅದೇ ಬೇಜಾರಿನಲ್ಲಿ ಮಡಿಕೇರಿ ಪೇಟೆಗೆ ಬಂದೆ. ಪ್ರವಾಸಿಗರ ಸೀಸನ್. ಅಂಗಡಿ ಸಾಲಿನಲ್ಲಿ ಕೂರ್ಗ್ ಜೇನು, ಕೂರ್ಗ್ ಮೆಣಸು, ಕೂರ್ಗ್ ಕಾಫಿ, ಕೂರ್ಗ್ ಚಾಕೊಲೇಟ್, ಕೂರ್ಗ್ ಗೋಡಂಬಿ. ಒಣ ಅಂಜೂರದ ಪೊಟ್ಟಣದ ಮೇಲೂ ಕೂರ್ಗ್. ಬೆಂಗಳೂರಿನ ಕಾರಿನಿಂದ ಇಳಿದ ಒಬ್ಬಾಕೆ ಜೇನಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದು ಎಲ್ಲಿಯ ಜೇನು?"

"ಕಾಡಿಂದು ಮೇಡಂ."

"ಯಾವ ಕಾಡು?"

"ಕಾಡು ಮೇಡಂ, ಕಾಡು."

ಚುಕ್ಕಿ ಆದ ಮೇಲೆ ಒಂದೂ ಅಂಕಿ ಇಲ್ಲ. ಎರಡು ಬಾಟಲಿ ಪ್ಯಾಕ್ ಆಯಿತು.

1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನು ಗೂಡುಗೂಡಾಗಿ ಖಾಲಿ ಮಾಡಿತು. ನಮ್ಮ ಜಗಲಿಯ ಪೆಟ್ಟಿಗೆಗಳು ಆಗ ಖಾಲಿಯಾದವು, ಈಗ ಅದರಲ್ಲಿ ಕೋಳಿ ಮೊಟ್ಟೆ ಇಡುತ್ತೆ. ಅಂಗಡಿಯ ಕಪಾಟು ಮಾತ್ರ ಒಂದು ದಿನವೂ ಖಾಲಿಯಾಗಿಲ್ಲ. ಹುಳ ಕಡಿಮೆ ಆದಷ್ಟೂ ತುಪ್ಪ ಜಾಸ್ತಿ ಆಗೋದು ಜೀವಶಾಸ್ತ್ರದಲ್ಲಿ ಇಲ್ಲಿ ಮಾತ್ರ ಇರಬೇಕು. ಕಂಡುಹಿಡಿಯೋಕೆ ದಾರಿ ಇಲ್ಲ ಅಂತಲ್ಲ. ಕಬ್ಬಿನ ಸಕ್ಕರೆ, ಜೋಳದ ಸಿರಪ್ ಸೇರಿಸಿದರೆ ಇಂಗಾಲದ ಪರೀಕ್ಷೆ ಹಿಡಿದುಬಿಡುತ್ತೆ. ಅದಕ್ಕೇ ಬುದ್ಧಿವಂತರು ಅಕ್ಕಿ ಸಿರಪ್‌ಗೆ ಬದಲಾದರು, ಅಕ್ಕಿ ಆ ಪರೀಕ್ಷೆಯಲ್ಲಿ ಹೂವಿನ ಥರವೇ ಪಾಸಾಗುತ್ತೆ. ಅದನ್ನೂ ಹಿಡಿಯೋಕೆ ಎನ್‌ಎಂಆರ್ ಅನ್ನೋ ದೊಡ್ಡ ಯಂತ್ರದ ಪರೀಕ್ಷೆ ಬಂತು. ಅಮೆರಿಕಕ್ಕೆ ಹೋಗೋ ಜೇನಿಗೆ 2020ರ ಆಗಸ್ಟ್‌ನಿಂದ ಅದು ಕಡ್ಡಾಯ ಆಯಿತು. ಅಮೆರಿಕದವರ ಹೊಟ್ಟೆ ಸೂಕ್ಷ್ಮ, ಪಾಪ. ನಮಗಾದರೆ ಸುಮ್ನೆ ಒಂದು ಸೂಕ್ಷ್ಮದರ್ಶಕ ಸಾಕು, ಜೇನಿನಲ್ಲಿ ಉಳಿದ ಪರಾಗ ನೋಡಿ ಯಾವ ಹೂವಿನದು ಅಂತ ಹೇಳಬಹುದು. 'ಕೂರ್ಗ್ ಕಾಡುಜೇನಿ'ನಲ್ಲಿ ಬರೀ ಸಾಸಿವೆ ಹೂವಿನ ಪರಾಗ ಸಿಕ್ಕರೆ, ತಲಕಾವೇರಿಯ ಯಾವ ಗುಡ್ಡದಲ್ಲಿ ಸಾಸಿವೆ ಹೊಲ ಇದೆ ಅಂತ ಹುಡುಕಬೇಕಾಗುತ್ತೆ. ಯಾಕೆ ಬೇಕು ರಗಳೆ? ಯಾರೂ ನೋಡಲ್ಲ.

ಮೆಣಸಿನ ವಿಷಯ ಇನ್ನೂ ಚೆನ್ನಾಗಿದೆ. ಪಪ್ಪಾಯಿ ಬೀಜ ಬೆರೆಸಿದರೆ, ಡಿಎನ್‌ಎ ನೋಡಿ ಜಾತಿ ಗುರುತಿಸೋ ಡಿಎನ್‌ಎ ಬಾರ್‌ಕೋಡಿಂಗ್ ಹಿಡಿದುಕೊಡುತ್ತೆ. ವಿಯೆಟ್ನಾಂ ಮೆಣಸು ಬೆರೆಸಿದರೆ? 2017ರಲ್ಲಿ ಆ ಗಲಾಟೆ ಇಡೀ ಜಿಲ್ಲೆ ನೋಡಿದೆ. ಅದೂ ಅದೇ ಜಾತಿ ಮೆಣಸು, ಬಾರ್‌ಕೋಡು 'ಮೆಣಸೇ' ಅನ್ನುತ್ತೆ. ಆಧಾರ್ ಇದೆ, ವಿಳಾಸ ಇಲ್ಲ. ಯಾವ ಮಣ್ಣಿನದು ಅಂತ ತಿಳಿಯಲು ಐಸೋಟೋಪ್, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ ಪ್ರಮಾಣ, ನೋಡಬೇಕು. ಆ ಯಂತ್ರದ ಬೆಲೆಗೆ ಒಂದು ತೋಟವೇ ಬರಬಹುದು, ಪಹಣಿ ಸರಿ ಇದ್ದರೆ.

ಕಿತ್ತಳೆ ಬಗ್ಗೆ ಜಾಸ್ತಿ ಹೇಳಲ್ಲ, ದುಃಖ ಆಗುತ್ತೆ. ಕೊಡಗಿನ ಕಿತ್ತಳೆಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಇದೆ. ಎಲೆ ಹಳದಿ ಮಾಡೋ ಗ್ರೀನಿಂಗ್ ರೋಗವನ್ನು, ಡಿಎನ್‌ಎ ತುಣುಕನ್ನು ಲಕ್ಷಗಟ್ಟಲೆ ನಕಲು ಮಾಡಿ ನೋಡೋ ಪಿಸಿಆರ್‌ನಲ್ಲಿ ಪಕ್ಕಾ ಪತ್ತೆ ಹಚ್ಚಬಹುದು. ಟ್ಯಾಗ್ ಇದೆ, ಟೆಸ್ಟ್ ಇದೆ. ಮರ ಕೇಳಬೇಡಿ.

ಅಂದ ಹಾಗೆ ಪಿಸಿಆರ್ ಹೊಳೆದದ್ದು 1983ರಲ್ಲಿ, ಕ್ಯಾರಿ ಮುಲ್ಲಿಸ್ ಕ್ಯಾಲಿಫೋರ್ನಿಯಾದ ಗುಡ್ಡದ ರಸ್ತೆಯಲ್ಲಿ ರಾತ್ರಿ ಕಾರು ಓಡಿಸುತ್ತಿದ್ದಾಗ. ಅದಕ್ಕೆ 1993ರಲ್ಲಿ ನೊಬೆಲ್ ಬಂತು. ನಾನೂ ಮಳೆಗಾಲದ ರಾತ್ರಿಗಳಲ್ಲಿ ಸಂಪಾಜೆ ಘಾಟಿಯಲ್ಲಿ ಎಷ್ಟೋ ಸಲ ಕಾರು ಓಡಿಸಿದ್ದೇನೆ. ನನಗೆ ಹೊಳೆದದ್ದು ಮುಂದಿನ ಗುಂಡಿ ಮಾತ್ರ.

ಅಸಲಿ ಮಾಲಿಗೆ ಗುರುತು ಹಾಕೋ ತಂತ್ರವೂ ಇದೆ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಆಲಿವ್ ಎಣ್ಣೆಗೆ ಒಂದು ಉಪಾಯ ತೋರಿಸಿದರು. ಕೃತಕ ಡಿಎನ್‌ಎ ತುಣುಕನ್ನು ಗಾಜಿನಂಥ ಅತಿಸಣ್ಣ ಕಣದೊಳಗೆ ಮುಚ್ಚಿ ಎಣ್ಣೆಗೆ ಬಿಡೋದು. ಬೇಕಾದಾಗ ಅಯಸ್ಕಾಂತದಿಂದ ಎಳೆದು ಓದೋದು. ಬೇರೆ ಎಣ್ಣೆ ಬೆರೆಸಿದ್ದರೆ ಗುರುತು ತೆಳುವಾಗಿರುತ್ತೆ, ಸಿಕ್ಕಿಬೀಳುತ್ತಾರೆ. ಎಣ್ಣೆ ಅಸಲಿ ಅಂತ ತೋರಿಸೋಕೆ ಕೃತಕ ಡಿಎನ್‌ಎ! ನಮ್ಮವರು ಇದನ್ನು ಎಂದೋ ಕಂಡುಹಿಡಿದಿದ್ದಾರೆ. ಆ ಕಣಕ್ಕೆ 'ಕೂರ್ಗ್' ಅಂತ ಹೆಸರು. ಯಾವ ಮಾಲಿಗೆ ಬೇಕಾದರೂ ಬೆರೆಯುತ್ತೆ, ಎಷ್ಟು ತೆಳು ಮಾಡಿದರೂ ರೇಟು ಇಳಿಯಲ್ಲ.

ಇಷ್ಟೆಲ್ಲ ಸಿಟ್ಟು ಹೊತ್ತು ಮನೆಗೆ ಬಂದು ನಾನೇ ಲ್ಯಾಬ್ ಶುರು ಮಾಡಿದೆ. ಆಹಾರ ಸುರಕ್ಷತೆಯವರು ಮನೆಯಲ್ಲೇ ಮಾಡಬಹುದು ಅಂತ ಹೇಳಿಕೊಟ್ಟ ಸುಲಭ ಪರೀಕ್ಷೆ, ಖರ್ಚು ಎರಡು ಗ್ಲಾಸು ನೀರು. ಮೆಣಸು ಮುಳುಗಬೇಕು, ಪಪ್ಪಾಯಿ ಬೀಜ ತೇಲುತ್ತೆ. ಕಾಫಿ ಪುಡಿ ತೇಲಬೇಕು, ಅದಕ್ಕೆ ಬೆರೆಸೋ ಚಿಕೋರಿ ಬೇರಿನ ಪುಡಿ ಮುಳುಗುತ್ತೆ. ಉಲ್ಟಾ ನೆನಪಿಟ್ಟುಕೊಂಡರೆ ಸಾಚಾ ಮನುಷ್ಯ ಜೈಲಿಗೆ ಹೋಗುತ್ತಾನೆ.

ಮೆಣಸು ನಮ್ಮದೇ ಬಳ್ಳಿಯದು. ಗುಳುಂ ಅಂತ ತಳ ಸೇರಿತು. ಎದೆ ಉಬ್ಬಿತು. ಎರಡನೇ ಗ್ಲಾಸಿಗೆ ಅಡುಗೆಮನೆ ಡಬ್ಬಿಯಿಂದ ಕಾಫಿ ಪುಡಿ ಉದುರಿಸಿದೆ. ಒಂದು ಕ್ಷಣ ಮೇಲೆ ನಿಂತಿತು. ಆಮೇಲೆ ಕಂದು ಬಣ್ಣದ ಎಳೆಗಳು ಒಂದೊಂದಾಗಿ ಕೆಳಗಿಳಿಯತೊಡಗಿದವು. ನಿಧಾನಕ್ಕೆ, ಮಳೆಗಾಲದ ಜಿಗಣೆ ಥರ ನೆಟ್ಟಗೆ ಜೋತುಬಿದ್ದು.

ಪ್ಯಾಕೆಟ್ ತಿರುಗಿಸಿ ನೋಡಿದೆ. ಸಣ್ಣ ಅಕ್ಷರ. ಕಾಫಿ ನೂರಕ್ಕೆ 53, ಚಿಕೋರಿ 47. ಕಾನೂನು 49ರವರೆಗೂ ಒಪ್ಪುತ್ತೆ, ಕೇಸು ಹಾಕೋ ಹಾಗೂ ಇಲ್ಲ. ನಮ್ಮ ದೇಶದಲ್ಲಿ ಚಿಕೋರಿ ಹೆಚ್ಚಾಗಿ ಬೆಳೆಯೋದು ಗುಜರಾತ್, ಉತ್ತರ ಪ್ರದೇಶದಲ್ಲಿ. ಕಿಟಕಿಯಾಚೆ ಕಣದಲ್ಲಿ ನಮ್ಮ ಕಾಫಿ ಒಣಗುತ್ತಾ ಇತ್ತು, ಚುಕ್ಕಿ ಆದ ಮೇಲೆ ಆರು ಅಂಕಿ ಸಮೇತ, ಯಾವುದೋ ಯುರೋಪಿಯನ್ನನ ಕಪ್ಪಿಗೆ.

"ಇದೇನಿದು, ಕಾಫಿ ತೋಟದ ಮನೆಯಲ್ಲಿ?" ಅಂತ ಹೆಂಡತಿಯನ್ನು ಕೇಳಿದೆ.

"ಚಿಕೋರಿ ಇಲ್ಲದಿದ್ರೆ ಡಿಕಾಕ್ಷನ್‌ಗೆ ಬಣ್ಣ ಎಲ್ಲಿಂದ ಬರುತ್ತೆ? ನಿಮ್ಮಮ್ಮ ಇದ್ದಾಗಿಂದಲೂ ಇದೇ ಪುಡಿ. ಸುಮ್ನೆ ಎರಡು ಚಮಚ ಹಾಳು ಮಾಡಿದ್ರಿ."

ವಾರದ ಬಟವಾಡೆಗೆ ಬಂದಿದ್ದ ಅಜ್ಜಿ ಹಿಂಬಾಗಿಲ ಮೆಟ್ಟಿಲ ಮೇಲೆ ಅದೇ ಕಾಫಿ ಹೀರುತ್ತಾ ಕೂತಿದ್ದರು. ಎದ್ದು ಬಂದು, ಪೊರೆ ಇಲ್ಲದ ಕಣ್ಣನ್ನು ಗ್ಲಾಸಿನ ಹತ್ತಿರ ತಂದು, ಇಳಿಯುತ್ತಿದ್ದ ಕಂದು ಎಳೆಗಳನ್ನು ನೋಡಿದರು.

"ಉಂಟು," ಅಂದರು.