ಬೋಂಡದ ಪೊಟ್ಟಣದಲ್ಲಿ ಸೈಬರ್ ಸೆಕ್ಯುರಿಟಿ

ನಮ್ಮ ಬಂಧುಬಳಗದಲ್ಲಿ ಕಂಪ್ಯೂಟರ್ ಪಂಡಿತ ಎಂಬ ಬಿರುದು ನನಗೆ ಸಿಕ್ಕಿದ್ದು ಒಂದು ಪ್ರಿಂಟರ್ ದಯೆಯಿಂದ. ತಂಗಿಯ ಮನೆಯಲ್ಲಿ ಅದು ಮುಷ್ಕರ ಹೂಡಿದಾಗ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದೆ, ಓಡಿತು. ಅಷ್ಟೇ. ಅವತ್ತಿನಿಂದ ಯಾರ ಮೊಬೈಲ್ ಬಿಸಿಯಾದರೂ ನನಗೇ ಫೋನು. ಈಗ ಬಿಸಿಎ ಮುಗಿಸಿದ ಸೋದರಳಿಯ ಪುಟ್ಟ ಸೈಬರ್ ಸೆಕ್ಯುರಿಟಿ ಕಲಿಯುತ್ತೇನೆ ಎಂದ. ತಂಗಿ, "ಅಣ್ಣಾ, ಯಾವ ಕೋರ್ಸ್ ಒಳ್ಳೇದು ಅಂತ ನೀನೇ ನೋಡಿ ಸೇರಿಸ್ಬಿಡು" ಎಂದಳು. ನಾನು ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ಆದರೆ ಬಿರುದಿನ ಮರ್ಯಾದೆ ಪ್ರಶ್ನೆ ನೋಡಿ, ಒಪ್ಪಿಕೊಂಡೆ.

ಆ ರಾತ್ರಿಯೇ ಲ್ಯಾಪ್‌ಟಾಪ್ ಮುಂದೆ ಕೂತೆ. ಬ್ರೋಷರ್ ಉಚಿತ, ಫೋನ್ ನಂಬರ್ ಮಾತ್ರ ಕೊಡಿ ಎಂದಿತ್ತು. ಕೊಟ್ಟೆ. ಹನ್ನೊಂದು ಕಡೆ ಕೊಟ್ಟೆ. ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೆ ಶುರುವಾದ ಕರೆಗಳು ಇವತ್ತಿಗೂ ನಿಂತಿಲ್ಲ. ನನ್ನ ಮದುವೆಗೆ ಜಾತಕ ಓಡಾಡುತ್ತಿದ್ದ ಕಾಲದಲ್ಲೂ ನನಗಿಷ್ಟು ಬೇಡಿಕೆ ಇರಲಿಲ್ಲ.

ಒಬ್ಬ ಸಿಐಎಸ್‌ಎಸ್‌ಪಿ ಮಾಡಿಸಿ ಎಂದ. ವಿಚಾರಿಸಿದರೆ, ಆ ಪ್ರಮಾಣಪತ್ರಕ್ಕೆ ಅವರ 8 ವಿಷಯಗಳಲ್ಲಿ ಕನಿಷ್ಠ ಎರಡರಲ್ಲಿ 5 ವರ್ಷ ಕೆಲಸ ಮಾಡಿದ ಅನುಭವ ಬೇಕು. ಅನುಭವವಿಲ್ಲದೆ ಪರೀಕ್ಷೆ ಪಾಸಾದರೆ 'ಅಸೋಸಿಯೇಟ್' ಎಂದು ಕೂರಿಸುತ್ತಾರೆ. ಹೆಣ್ಣು ನೋಡುವ ಮೊದಲೇ ನಾಮಕರಣಕ್ಕೆ ಛತ್ರ ಹಿಡಿದ ಹಾಗೆ. ಇನ್ನೊಬ್ಬ ಓಎಸ್‌ಸಿಪಿ ಎಂಬ ಬೇರೆ ಪ್ರಮಾಣಪತ್ರ ಎಂದ. ಅದರ ಪರೀಕ್ಷೆ 23 ಗಂಟೆ 45 ನಿಮಿಷ! ಕ್ಯಾಮೆರಾ ಕಾವಲಿನಲ್ಲಿ ಕೂತು ಅವರು ಕೊಟ್ಟ ಕಂಪ್ಯೂಟರ್‌ಗಳಿಗೆ ಕನ್ನ ಹಾಕಬೇಕು, ಆಮೇಲೆ ಇನ್ನೊಂದು 24 ಗಂಟೆಯೊಳಗೆ ಹೇಗೆ ಹಾಕಿದೆ ಎಂದು ವರದಿ ಒಪ್ಪಿಸಬೇಕು. ದಿನ ತುಂಬಲು ಆ ಕಾಲು ಗಂಟೆ ಯಾಕೆ ಬಿಟ್ಟರೋ ಎಂದು ನಾನು ಯೋಚಿಸುತ್ತಿದ್ದರೆ ಅಮ್ಮ, "ಕಾಫಿಗೆ ಬಿಟ್ಟಿರ್ತಾರೆ ಕಣೋ" ಎಂದಳು.

ಕೊನೆಗೆ, ಕಣ್ಣಿಗೆ ಕಾಣುವ ಕಡೆಯೇ ಸೇರಿಸೋಣ ಎಂದು ಶಿವಮೊಗ್ಗ ಪೇಟೆಯಲ್ಲೇ ಒಂದು ಮಹಡಿ ಹತ್ತಿದೆವು. ಗೋಡೆಯ ತುಂಬ ತಲೆಗೆ ಮುಸುಕು ಹಾಕಿದ ಹ್ಯಾಕರ್ ಚಿತ್ರ. ನನಗಂತೂ ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಹೊರಟವನ ಹಾಗೆ ಕಂಡ. ಕೌನ್ಸೆಲರ್ ಮೇಡಂ ಕಂಪ್ಯೂಟರ್‌ಗೆ ಹಳದಿ ಚೀಟಿ ಅಂಟಿಸಿದ್ದರು, ಅದರಲ್ಲಿ ವೈಫೈ ಪಾಸ್‌ವರ್ಡ್: ಸಂಸ್ಥೆಯ ಹೆಸರು, ಮುಂದೆ 123.

"ಫೀಸು 60,000 ಸರ್, ಇವತ್ತು ಮಾತ್ರ."

ಶೇಕಡಾ 18 ಜಿಎಸ್‌ಟಿ ಸೇರಿ 70,800 ಎಂದು ನಾನು ಬಾಯಲ್ಲೇ ಹೇಳಿದೆ. ಇಡೀ ದಿನದಲ್ಲಿ ನನ್ನ ಪಾಂಡಿತ್ಯ ಕೆಲಸಕ್ಕೆ ಬಂದದ್ದು ಅಲ್ಲೊಂದೇ ಕಡೆ.

"ಕೆಲಸ ಗ್ಯಾರಂಟಿನಾ ಮೇಡಂ?"

"ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಸರ್."

ಅಂದರೆ ಬಾಣಲೆ ಅವರದು, ಎಣ್ಣೆ ಹಿಟ್ಟು ನಮ್ಮದು.

ಡೆಮೊ ಕ್ಲಾಸಿನ ಮೇಷ್ಟ್ರು ಮಾತ್ರ, ಸುಳ್ಳು ಹೇಳಬಾರದು, ಚೆನ್ನಾಗಿ ಪಾಠ ಮಾಡಿದರು. ಕಂಪ್ಯೂಟರ್ ಎಂಬ ಮನೆಗೆ 65,535 ಬಾಗಿಲು, ಪೋರ್ಟ್ ಅಂತಾರೆ. ಬ್ಯಾಂಕಿನ ಜಾಲತಾಣಕ್ಕೆ ಹೋಗುವಾಗ ತಟ್ಟುವುದು 443ನೆಯದನ್ನು. ಬೇಡದ ಬಾಗಿಲು ತೆರೆದಿದ್ದರೆ ಕಳ್ಳ ಅಲ್ಲಿಂದಲೇ ಬರುತ್ತಾನೆ. ಪುಟ್ಟ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ 'ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ' ಎಂಬ ಸೂಚನೆ ನಾಲ್ಕು ಸಲ ಬಂತು. ಮೇಷ್ಟ್ರು ಪಾಠ ನಿಲ್ಲಿಸದೆ ನಾಲ್ಕೂ ಸಲ ನೊಣ ಓಡಿಸಿದಂತೆ ಓಡಿಸಿದರು.

ಪುಟ್ಟ ಫಾರಂ ತುಂಬಿಸಿದ. ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ದಿನಾಂಕ, ಎರಡು ಮೊಬೈಲ್ ನಂಬರ್, ಜೊತೆಗೆ ಆಧಾರ್ ಜೆರಾಕ್ಸ್. ದುಡ್ಡು ನಾಳೆ ತರುತ್ತೇವೆ ಎಂದು ಹೇಳಿ ಕೆಳಗಿಳಿದೆವು.

ಮೆಟ್ಟಿಲ ಬುಡದಲ್ಲೇ ಮಂಡಕ್ಕಿ ಗಾಡಿ. ನಾಲ್ಕು ಮೆಣಸಿನಕಾಯಿ ಬೋಂಡ ಕಟ್ಟಿಸಿಕೊಂಡು ಎರಡನೆಯದನ್ನು ಕಚ್ಚುವಾಗ ಪೊಟ್ಟಣದ ಮೇಲೆ ಕಣ್ಣು ಬಿತ್ತು. ಈಗಷ್ಟೇ ನೋಡಿದ ಅದೇ ಫಾರಂ! ಯಾವುದೋ ಹಳೇ ಬ್ಯಾಚಿನ ಯಾರದೋ ಹುಟ್ಟಿದ ದಿನಾಂಕ, ತಾಯಿಯ ಹೆಸರು, ಮೊಬೈಲ್ ನಂಬರ್. ಪಿನ್ ಹೊಡೆದು ಸೇರಿಸಿದ ಆಧಾರ್ ಜೆರಾಕ್ಸ್ ಎಣ್ಣೆ ಕುಡಿದು ಗಾಜಿನಂತಾಗಿತ್ತು. ಮಾಸ್ಕ್ ಮಾಡಿದ ಆಧಾರ್ ಎಂದು ಸರ್ಕಾರವೇ ಕೊಡುತ್ತದಲ್ಲ, ಅದರಲ್ಲಿ ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣುತ್ತವೆ. ಇಲ್ಲಿ ಚಟ್ನಿ ಉಲ್ಟಾ ಹೊಡೆದಿತ್ತು: ಕೊನೆಯ ನಾಲ್ಕು ಮುಚ್ಚಿ ಮೊದಲ ಎಂಟು ಫಳಫಳ. ಕೆಳಗೆ 'ಈ ಕೋರ್ಸ್ ಏಕೆ ಸೇರಬಯಸುತ್ತೀರಿ?' ಎಂಬುದಕ್ಕೆ ಉತ್ತರ, ದುಂಡು ಅಕ್ಷರದಲ್ಲಿ: 'ಜನರ ಮಾಹಿತಿ ಕಾಪಾಡಲು.'

ಗಾಡಿಯವನನ್ನು ಕೇಳಿದೆ. "ಮೇಲಿನವ್ರೇ ರದ್ದಿಗೆ ಹಾಕ್ತಾರೆ ಸ್ವಾಮಿ. ಗಟ್ಟಿ ಪೇಪರ್ರು, ಎಣ್ಣೆ ತಡೀತದೆ" ಎಂದ, ಮೆಚ್ಚುಗೆಯಿಂದ.

ಬೋಂಡ ಪುಟ್ಟನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದೆ. "ಮೇಡಂ, ಹುಡುಗನ ಇನಿಶಿಯಲ್ ತಪ್ಪಾಗಿದೆ, ಫಾರಂ ಕೊಡಿ" ಎಂದೆ. ಏನೂ ಕೇಳದೆ ಇಡೀ ಕಟ್ಟನ್ನೇ ಮುಂದಿಟ್ಟು, "ನಿಮ್ದು ಹುಡುಕ್ಕೊಳಿ ಸರ್" ಎಂದರು. ನಮ್ಮದನ್ನು ಎಳೆದುಕೊಂಡು ಇಳಿದುಬಂದೆ. ಕನ್ನ ಹಾಕುವುದನ್ನು ಕಲಿಯಲು 23 ಗಂಟೆ 45 ನಿಮಿಷ ಬೇಕೆಂದವರು ಯಾರೋ, ನನಗೆ ಎರಡು ನಿಮಿಷ ಹಿಡಿಯಿತು.

ಪುಟ್ಟ ಈಗ ಮನೆಯಲ್ಲೇ ಕೂತು, ಐಐಟಿಯವರು ಆನ್‌ಲೈನಿನಲ್ಲಿ ನಡೆಸುವ ಎನ್‌ಪಿಟಿಇಎಲ್ ಪಾಠ ಕೇಳುತ್ತಿದ್ದಾನೆ. ಕಲಿಯಲು ದುಡ್ಡಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರಷ್ಟೇ ಶುಲ್ಕ. ತಂಗಿಗೆ ಇನ್ನೂ ಅನುಮಾನ, ಬಿಟ್ಟಿ ಸಿಗುವುದರಲ್ಲಿ ವಿದ್ಯೆ ಎಷ್ಟಿರುತ್ತದೆ ಎಂದು.

ಅವತ್ತು ಮನೆಗೆ ಬಂದವನೇ ಎರಡೂ ಫಾರಂ ಅಮ್ಮನ ಮುಂದಿಟ್ಟು, ಇವನ್ನು ಯಾರಿಗೂ ಸಿಗದ ಹಾಗೆ ಮಾಡಬೇಕು, ಬ್ರೋಷರಿನಲ್ಲಿ ಅದಕ್ಕೆಂದೇ ಎರಡು ವಾರದ ಪಾಠವಿದೆ ಎಂದೆ. ಅಮ್ಮ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಎರಡನ್ನೂ ಮುದುರಿ ಬಚ್ಚಲ ಒಲೆಯ ಅಡಿಕೆ ಸಿಪ್ಪೆಯ ಕೆಳಗೆ ತುರುಕಿದಳು. ಎಣ್ಣೆ ಕುಡಿದದ್ದು ಮೊದಲು ಭಗ್ಗೆಂದಿತು.

"ಇನ್ನೊಂದೆರಡು ಇದ್ರೆ ತಾರೋ, ಮಳೇಲಿ ಸಿಪ್ಪೆ ಹತ್ತೋದೇ ಇಲ್ಲ" ಎಂದಳು.